ಎಸಿಗೂ ಮನೆಗೂ ಮಾತುಕತೆ ಮಾಡಿಸುವುದು ಹೇಗೆ?

ವೈಫೈ ಎಸಿ ಕೊಂಡವರಲ್ಲಿ ಹೆಚ್ಚಿನವರು ಮೊದಲ ವಾರ ಆಫೀಸಿನಲ್ಲಿ ಕೂತೇ ಆ್ಯಪ್‌ನಿಂದ ಎಸಿ ಹಾಕಿ ಆರಿಸಿ ನೋಡುತ್ತಾರೆ. ಎರಡನೇ ವಾರಕ್ಕೆ ಮತ್ತೆ ರಿಮೋಟ್ ಎಲ್ಲಿ ಎಂದು ಹುಡುಕುತ್ತಿರುತ್ತಾರೆ. ಫೋನ್ ತೆಗೆದು, ಲಾಕ್ ಬಿಡಿಸಿ, ಆ್ಯಪ್ ತೆರೆದು, ಅದು ಲೋಡ್ ಆಗುವವರೆಗೆ ಕಾಯುವುದಕ್ಕಿಂತ ರಿಮೋಟಿನ ಗುಂಡಿ ಒತ್ತುವುದೇ ಸಲೀಸು. ವೈಫೈ ಪ್ರಯೋಜನಕ್ಕೆ ಬರುವುದು ಎಸಿ ಮನೆಯ ಉಳಿದ ಸಾಧನಗಳ ಜೊತೆ ಸೇರಿಕೊಂಡಾಗ. ಕಿಟಕಿ ತೆರೆದರೆ ಎಸಿ ತಾನೇ ನಿಲ್ಲಬೇಕು, ನಡುರಾತ್ರಿ ಚಳಿ ಹತ್ತುವ ಮೊದಲೇ 26 ಡಿಗ್ರಿಗೆ ಏರಬೇಕು, ಮನೆಯಲ್ಲಿ ಯಾರೂ ಇಲ್ಲದಾಗ ಆರಿರಬೇಕು.

ಹೀಗೆ ಎಲ್ಲವನ್ನೂ ಒಂದೇ ಕಡೆ ಸೇರಿಸಲು ಹಲವು ದಾರಿಗಳಿವೆ. ಈ ಲೇಖನಕ್ಕೆ ಹೋಮ್ ಅಸಿಸ್ಟೆಂಟ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು ಆರಿಸಿಕೊಂಡಿದ್ದೇನೆ. 2013ರಲ್ಲಿ ಶುರುವಾದ ಇದು ಬೇರೆ ಬೇರೆ ಕಂಪನಿಗಳ ಸಾಧನಗಳನ್ನು ಒಟ್ಟಿಗೆ ನಡೆಸುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಮನೆಯೊಳಗಿನ ಒಂದು ಪುಟ್ಟ ಕಂಪ್ಯೂಟರಿನಲ್ಲೇ ಕೂತು ಕೆಲಸ ಮಾಡುತ್ತದೆ.

ಮೊದಲು ಕೇಳಬೇಕಾದ ಪ್ರಶ್ನೆ

ಅಂಗಡಿಯಲ್ಲಿ ಎಲ್ಲರೂ ಎಷ್ಟು ಟನ್, ಎಷ್ಟು ಸ್ಟಾರ್ ಎಂದು ಕೇಳುತ್ತಾರೆ. ಆಟೊಮೇಷನ್, ಅಂದರೆ ಎಸಿ ತಾನಾಗಿಯೇ ಹತ್ತಿ ಆರುವ ವ್ಯವಸ್ಥೆ, ಮಾಡುವ ಮನಸ್ಸಿದ್ದರೆ ಇನ್ನೊಂದನ್ನೂ ಕೇಳಿ: ಈ ಎಸಿಯ ಜೊತೆ ಮನೆಯ ನೆಟ್‌ವರ್ಕ್ ಒಳಗಿಂದಲೇ ಮಾತಾಡಬಹುದೋ ಅಥವಾ ಪ್ರತಿ ಆಜ್ಞೆಯೂ ಕಂಪನಿಯ ಸರ್ವರ್‌ಗೆ ಹೋಗಿ ಬರಬೇಕೋ? ಮೊದಲನೆಯದು ಲೋಕಲ್, ಎರಡನೆಯದು ಕ್ಲೌಡ್. ಕ್ಲೌಡ್ ಎಸಿಯಾದರೆ ಇಂಟರ್‌ನೆಟ್ ಹೋದಾಗ ಗೋಡೆ ಮೇಲಿನ ಎಸಿಗೂ ಹಾಲ್‌ನಲ್ಲಿರುವ ಕಂಪ್ಯೂಟರಿಗೂ ಸಂಬಂಧವೇ ಇರುವುದಿಲ್ಲ. ಕಂಪನಿ ಮನಸ್ಸು ಬದಲಿಸಿದರೂ ಅದೇ ಕಥೆ. 2024ರ ಜನವರಿಯಲ್ಲಿ ಹೈಯರ್ ಕಂಪನಿ ತನ್ನ ಸಾಧನಗಳನ್ನು ಹೋಮ್ ಅಸಿಸ್ಟೆಂಟ್‌ಗೆ ಜೋಡಿಸುವ ಉಚಿತ ಪ್ಲಗಿನ್ ಬರೆದವನಿಗೆ ಅದನ್ನು ತೆಗೆದುಹಾಕುವಂತೆ ನೋಟಿಸ್ ಕಳಿಸಿತ್ತು. ಬಳಕೆದಾರರು ಗದ್ದಲ ಎಬ್ಬಿಸಿದ ಮೇಲೆ ಮಾತುಕತೆಗೆ ಬಂತು. ಅಲ್ಲಿಯವರೆಗೆ ದುಡ್ಡು ಕೊಟ್ಟು ಎಸಿ ಕೊಂಡವರೆಲ್ಲ ಉಗುರು ಕಚ್ಚುತ್ತ ಕೂರಬೇಕಾಯಿತು.

ಗ್ರೀ ಎಸಿಗಳು ಲೋಕಲ್ ಆಗಿಯೇ ಸಿಗುತ್ತವೆ. ಮಿಡಿಯಾ ಹಾಗೂ ಅದೇ ಕಾರ್ಖಾನೆಯಿಂದ ಬೇರೆ ಹೆಸರಿನಲ್ಲಿ ಬರುವ ಎಸಿಗಳಲ್ಲಿ ಬಹಳಷ್ಟು ಕೂಡ ಲೋಕಲ್. ಆದರೆ ಮೊದಲ ಸಲ ಟೋಕನ್ ಎಂಬ ಬೀಗದ ಕೈ ಪಡೆಯಲು ಕಂಪನಿಯ ಸರ್ವರ್ ಬೇಕು. ಡೈಕಿನ್‌ನಲ್ಲಿ ಎಲ್ಲವೂ ವೈಫೈ ಅಡಾಪ್ಟರಿನ ಮೇಲಿದೆ. ಬಿಆರ್‌ಪಿ069ಬಿ ಸಾಲಿನದು ಲೋಕಲ್ ಆಗಿ ಓಗೊಡುತ್ತದೆ, ಬಿಆರ್‌ಪಿ069ಸಿ ಸಾಲಿನದು ಕ್ಲೌಡ್ ಮಾತ್ರ. ಒಂದೇ ಅಕ್ಷರದ ವ್ಯತ್ಯಾಸ, ಹಾಗಾಗಿ ಲೇಬಲ್ ಓದಿಯೇ ಕೊಳ್ಳಿ. ಎಲ್‌ಜಿ ಮತ್ತು ಸ್ಯಾಮ್‌ಸಂಗ್ ಕ್ಲೌಡ್ ಮೂಲಕ ಬರುತ್ತವೆ. ಎಲ್‌ಜಿಗೆ 2024ರ ನವೆಂಬರ್ ಆವೃತ್ತಿಯಿಂದ ಅಧಿಕೃತ ಜೋಡಣೆಯೇ ಇದೆ. ಕಂಪನಿಯ ತಾಣದಲ್ಲಿ ಪರ್ಸನಲ್ ಆ್ಯಕ್ಸೆಸ್ ಟೋಕನ್ ಮಾಡಿಕೊಂಡು ಹಾಕಿದರೆ ಆಯಿತು. ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಮ್ಯಾಟರ್ ಎಂಬ ಮಾನದಂಡಕ್ಕೆ 2023ರ ಅಕ್ಟೋಬರ್‌ನಲ್ಲಿ ಎಸಿಗಳೂ ಸೇರಿವೆ. ಪೆಟ್ಟಿಗೆಯ ಮೇಲೆ ಮ್ಯಾಟರ್ ಗುರುತು ಕಂಡರೆ ನಾನಂತೂ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟಾದರೂ ಅದನ್ನೇ ತರುತ್ತೇನೆ.

ಇನ್ನೊಂದು ಮೋಸ ಹೋಗುವ ಜಾಗ: ‘ವೈಫೈ ರೆಡಿ’ ಎಂದರೆ ಎಸಿಯಲ್ಲಿ ವೈಫೈ ಇದೆ ಎಂದಲ್ಲ. ಬೇಕಾದರೆ ಪ್ರತ್ಯೇಕವಾಗಿ ಡಾಂಗಲ್ ಕೊಂಡು ಸಿಕ್ಕಿಸಲು ಜಾಗವಿದೆ ಎಂದಷ್ಟೇ ಅದರ ಅರ್ಥ.

ರೌಟರ್ ಸರಿಮಾಡಿಕೊಳ್ಳಿ

ಜೋಡಣೆ ಕೆಡುವುದು ಹೆಚ್ಚಾಗಿ ಇಲ್ಲೇ, ಎಸಿಯಲ್ಲಿ ಅಲ್ಲ. ಬಹುಪಾಲು ಎಸಿಗಳಿಗೆ ತಿಳಿಯುವುದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ. ಇಂಟರ್‌ನೆಟ್ ಕಂಪನಿಯವರು ಕೊಡುವ ರೌಟರುಗಳಲ್ಲಿ 2.4 ಮತ್ತು 5 ಎರಡಕ್ಕೂ ಒಂದೇ ಹೆಸರಿರುವುದು ಸಾಮಾನ್ಯ. ಫೋನ್ 5ರಲ್ಲಿ ಕೂತಿರುತ್ತದೆ, ಎಸಿ 2.4ರಲ್ಲಿ ಕಾಯುತ್ತಿರುತ್ತದೆ, ಆ್ಯಪ್ ಚಕ್ರ ತಿರುಗಿಸುತ್ತಲೇ ಇರುತ್ತದೆ. ರೌಟರಿನ ಸೆಟ್ಟಿಂಗ್‌ಗೆ ಹೋಗಿ ಎರಡಕ್ಕೂ ಬೇರೆ ಹೆಸರಿಡಿ. ಆಗದಿದ್ದರೆ ಜೋಡಿಸುವಷ್ಟು ಹೊತ್ತು 5 ಅನ್ನು ಆರಿಸಿಡಿ. ಸುರಕ್ಷತೆಯ ಜಾಗದಲ್ಲಿ ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಡಬ್ಲ್ಯುಪಿಎ2 ಕೂಡ ಒಪ್ಪುವಂತೆ ಬದಲಿಸಿ.

ಎಸಿಯನ್ನು ಗೆಸ್ಟ್ ನೆಟ್‌ವರ್ಕ್‌ಗೆ, ಅಂದರೆ ಅತಿಥಿಗಳಿಗೆಂದು ರೌಟರ್ ಕೊಡುವ ಪ್ರತ್ಯೇಕ ವೈಫೈಗೆ, ಹಾಕುವವರಿದ್ದಾರೆ. ಸುರಕ್ಷತೆಯ ಲೆಕ್ಕದಲ್ಲಿ ಯೋಚನೆ ಒಳ್ಳೆಯದೇ. ಆದರೆ ಗೆಸ್ಟ್ ನೆಟ್‌ವರ್ಕ್‌ನಲ್ಲಿರುವ ಸಾಧನ ಮನೆಯ ಉಳಿದ ಸಾಧನಗಳಿಗೆ ಕಾಣದಂತೆ ರೌಟರ್ ಗೋಡೆ ಕಟ್ಟುತ್ತದೆ. ಆ್ಯಪ್‌ನಲ್ಲಿ ಎಸಿ ನಡೆಯುತ್ತದೆ, ಹೋಮ್ ಅಸಿಸ್ಟೆಂಟ್‌ಗೆ ಮಾತ್ರ ಸಿಗುವುದಿಲ್ಲ. ಎರಡೂ ಒಂದೇ ನೆಟ್‌ವರ್ಕ್‌ನಲ್ಲಿರಲಿ.

ಎಸಿ ಹಾಕಿರುವ ಗೋಡೆಯ ಹತ್ತಿರ, ಅಷ್ಟೇ ಎತ್ತರದಲ್ಲಿ ಫೋನ್ ಹಿಡಿದು ಸಿಗ್ನಲ್ ನೋಡಿ. ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಸಾಕು. ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಚೆನ್ನ: ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಚೆನ್ನಾಗಿದ್ದರೆ ನಿಶ್ಚಿಂತೆ. ಮೈನಸ್ 75ಕ್ಕಿಂತ ಕೆಳಗಿಳಿದರೆ ಎಸಿ ದಿನಕ್ಕೆ ನಾಲ್ಕು ಸಲ ಕಾಣೆಯಾಗುತ್ತದೆ.

ಮೊದಲು ಕಂಪನಿಯ ಆ್ಯಪ್‌ಗೆ

ನೇರವಾಗಿ ಹೋಮ್ ಅಸಿಸ್ಟೆಂಟ್‌ಗೆ ಜೋಡಿಸಲು ಹೋಗಬೇಡಿ. ವೈಫೈ ಹೆಸರು, ಪಾಸ್‌ವರ್ಡ್ ಎಸಿಗೆ ಮುಟ್ಟಿಸುವ ಕೆಲಸ ಕಂಪನಿಯ ಆ್ಯಪ್‌ನದು. ಆ್ಯಪ್ ಕೇಳಿದ ಲೊಕೇಷನ್ ಅನುಮತಿ ಕೊಡಿ, ಇಲ್ಲವಾದರೆ ಸುತ್ತಲಿನ ವೈಫೈ ಅದಕ್ಕೆ ಕಾಣುವುದಿಲ್ಲ. ಬಳಿಕ ಕೈಪಿಡಿ ನೋಡಿ ರಿಮೋಟಿನ ಗುಂಡಿಗಳಿಂದ ಎಸಿಯನ್ನು ಪೇರಿಂಗ್ ಸ್ಥಿತಿಗೆ ತನ್ನಿ. ಕೆಲವು ಎಸಿಗಳ ಡಿಸ್‌ಪ್ಲೇಯಲ್ಲಿ ಆಗ 24ರ ಜಾಗದಲ್ಲಿ ‘ಎಪಿ’ ಎಂದು ಬರುತ್ತದೆ, ಎಂದರೆ ಎಸಿಯೇ ಸ್ವಲ್ಪ ಹೊತ್ತಿಗೆ ಒಂದು ಪುಟ್ಟ ವೈಫೈ ಕೇಂದ್ರವಾಗಿದೆ. ಫೋನ್ ಅದಕ್ಕೆ ಸೇರಿಕೊಂಡ ತಕ್ಷಣ ‘ಈ ವೈಫೈನಲ್ಲಿ ಇಂಟರ್‌ನೆಟ್ ಇಲ್ಲ’ ಎಂದು ಹೇಳಿ ಮೊಬೈಲ್ ಡೇಟಾಗೆ ಹಾರಿಬಿಡುತ್ತದೆ, ಜೋಡಣೆ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೇ ಈ ಎರಡು ನಿಮಿಷ ಮೊಬೈಲ್ ಡೇಟಾ ಆಫ್ ಮಾಡಿಡಿ. ಸರ್ವಿಸ್ ಹುಡುಗನನ್ನು ಕರೆಸುವ ಮುಂಚೆ ಇದೊಂದನ್ನು ಮಾಡಿ ನೋಡಿ.

ಆ್ಯಪ್‌ನಲ್ಲಿ ಎಸಿ ಬಂತೆಂದರೆ ಮತ್ತೆ ರೌಟರಿನ ಪುಟಕ್ಕೆ ಹೋಗಿ, ಸಾಧನಗಳ ಪಟ್ಟಿಯಲ್ಲಿ ಎಸಿ ಹುಡುಕಿ, ಅದಕ್ಕೆ ಒಂದು ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಕಾಯ್ದಿರಿಸಿ. ಡಿಎಚ್‌ಸಿಪಿ ರಿಸರ್ವೇಷನ್ ಅಥವಾ ಅಡ್ರೆಸ್ ರಿಸರ್ವೇಷನ್ ಎಂಬ ಹೆಸರಿನಲ್ಲಿರುತ್ತದೆ. ಇದನ್ನು ಬಿಟ್ಟರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗಲೂ ಎಸಿಯ ವಿಳಾಸ ಬದಲಾಗುವ ಸಾಧ್ಯತೆ ಇರುತ್ತದೆ.

ಹೋಮ್ ಅಸಿಸ್ಟೆಂಟ್ ಒಳಗೆ

ರಾಸ್ಪ್‌ಬೆರಿ ಪೈ 4 ಅಥವಾ 5 ಎಂಬ ಪುಟ್ಟ ಕಂಪ್ಯೂಟರ್, ಹೋಮ್ ಅಸಿಸ್ಟೆಂಟ್ ಗ್ರೀನ್ ಎಂಬ ಸಿದ್ಧ ಪೆಟ್ಟಿಗೆ, ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್, ಇವುಗಳಲ್ಲಿ ಯಾವುದಾದರೂ ಆದೀತು. ತಂತ್ರಾಂಶ ಹಾಕಿದ ಮೇಲೆ ಬ್ರೌಸರ್‌ನಲ್ಲಿ ಅದೇ ಯಂತ್ರದ ಐಪಿ ವಿಳಾಸದ ಮುಂದೆ :8123 (ಇದು ಪೋರ್ಟ್, ಅಂದರೆ ಒಳಹೋಗುವ ಬಾಗಿಲಿನ ಸಂಖ್ಯೆ) ಸೇರಿಸಿ ತೆರೆದರೆ ಖಾತೆ ಮಾಡುವ ಪುಟ ಬರುತ್ತದೆ. ಅಲ್ಲಿಂದ ಸೆಟ್ಟಿಂಗ್ಸ್, ಡಿವೈಸಸ್ ಅಂಡ್ ಸರ್ವಿಸಸ್, ಆ್ಯಡ್ ಇಂಟಿಗ್ರೇಷನ್. ಕಂಪನಿಯ ಹೆಸರು ಟೈಪ್ ಮಾಡಿ. ಗ್ರೀ ಆದರೆ ತಾನಾಗಿ ಹುಡುಕಿಕೊಳ್ಳುತ್ತದೆ. ಮಿಡಿಯಾದಂಥ ಕೆಲವಕ್ಕೆ ಬಳಕೆದಾರರ ಸಮುದಾಯ ಬರೆದ ಇಂಟಿಗ್ರೇಷನ್ (ಸಾಧನವನ್ನು ಜೋಡಿಸುವ ತಂತ್ರಾಂಶದ ತುಣುಕು) ಬೇಕು, ಅದು ಹ್ಯಾಕ್ಸ್ ಎಂಬ ಉಗ್ರಾಣದ ಮೂಲಕ ಸಿಗುತ್ತದೆ. ಸಿಕ್ಕಿದ ಟೋಕನ್ ಬ್ಯಾಕಪ್‌ನಲ್ಲಿ ಸೇರಿದೆಯೇ ನೋಡಿಕೊಳ್ಳಿ.

ಎಲ್ಲ ಸರಿಯಿದ್ದರೆ ತಾಪಮಾನದ ದುಂಡಗಿನ ಡಯಲ್ ಇರುವ ಕಾರ್ಡ್ ಬರುತ್ತದೆ. ಅಲ್ಲಿಗೇ ಸಂತೋಷಪಟ್ಟು ನಿಲ್ಲಿಸದೆ ಎರಡು ಪರೀಕ್ಷೆ ಮಾಡಿ. ರಿಮೋಟ್‌ನಿಂದ ತಾಪಮಾನ ಬದಲಿಸಿ, ಒಂದೆರಡು ನಿಮಿಷದಲ್ಲಿ ಪರದೆಯ ಮೇಲೂ ಬದಲಾಗುತ್ತದೆಯೇ ನೋಡಿ. ಆಮೇಲೆ ಇಂಟರ್‌ನೆಟ್ ಕೇಬಲ್ ಮಾತ್ರ ಕಿತ್ತು, ರೌಟರ್ ಹಾಗೇ ಬಿಟ್ಟು, ಎಸಿ ಹಾಕಿ ಆರಿಸಿ. ಆಗಲೂ ನಡೆದರೆ ನಿಮ್ಮ ಎಸಿ ನಿಜಕ್ಕೂ ಲೋಕಲ್.

ಆಟೊಮೇಷನ್ ಬರೆಯುವಾಗ

ಎಲ್ಲರೂ ಮೊದಲು ಬರೆಯುವುದು ‘ಇಷ್ಟು ಗಂಟೆಗೆ ಎಸಿ ಆನ್’. ಬರೀ ಆನ್ ಎಂದರೆ ಸಾಲದು. ಹಿಂದಿನ ಸಲ ಯಾರೋ ಫ್ಯಾನ್ ಮೋಡ್‌ನಲ್ಲಿ ಬಿಟ್ಟಿದ್ದರೆ ಎಸಿ ಅದರಲ್ಲೇ ಏಳಬಹುದು. ಭಾರತದಲ್ಲಿ 2020ರ ಜನವರಿ 1ರಿಂದ ಸ್ಟಾರ್ ಲೇಬಲ್ ಇರುವ ಕೋಣೆ ಎಸಿಗಳಿಗೆ 24 ಡಿಗ್ರಿಯ ಡಿಫಾಲ್ಟ್ ಕಡ್ಡಾಯವಾಗಿದ್ದರೂ ಅದನ್ನೇ ನಂಬಿ ಕೂರಬೇಡಿ. ಮೊದಲು ಕೂಲ್ ಮೋಡ್, ನಾಲ್ಕೈದು ಸೆಕೆಂಡ್ ಬಿಟ್ಟು ತಾಪಮಾನ, ಹೀಗೆ ಎರಡು ಹೆಜ್ಜೆಯಲ್ಲಿ ಕಳಿಸಿ. ಆರಿರುವಾಗ ಕಳಿಸಿದ ತಾಪಮಾನವನ್ನು ಕಿವಿಗೇ ಹಾಕಿಕೊಳ್ಳದ ಎಸಿಗಳಿವೆ.

ರಾತ್ರಿಯ ಆಟೊಮೇಷನ್‌ನಿಂದ ಲಾಭ ಹೆಚ್ಚು. ಮಲಗುವಾಗ 24, ರಾತ್ರಿ ಒಂದು ಗಂಟೆಗೆ 26 ಮತ್ತು ನಿಧಾನಕ್ಕೆ ಸೀಲಿಂಗ್ ಫ್ಯಾನ್, ಬೆಳಗಿನ ಜಾವ ಆಫ್. ಪ್ರತಿ ಆಜ್ಞೆಗೂ ಎಸಿ ‘ಪೀಂ’ ಎನ್ನುತ್ತದೆ, ಒಂದು ಗಂಟೆಗೆ ಮಗು ಎದ್ದು ಕೂರುತ್ತದೆ. ಇಂಟಿಗ್ರೇಷನ್‌ನಲ್ಲಿ ಶಬ್ದಕ್ಕೆ, ಡಿಸ್‌ಪ್ಲೇ ದೀಪಕ್ಕೆ ಬೇರೆ ಸ್ವಿಚ್ ಇದೆಯೇ ನೋಡಿ, ಇದ್ದರೆ ಮಲಗುವ ಹೊತ್ತಿಗೆ ಎರಡನ್ನೂ ಆರಿಸಿ.

ತಾಪಮಾನ ನೋಡಿ ಎಸಿ ನಡೆಸುವುದಾದರೆ ಮಂಚದ ಎತ್ತರದಲ್ಲಿ ಪ್ರತ್ಯೇಕ ಸೆನ್ಸರ್ ಇಡಿ. ಎಸಿಯೊಳಗಿನ ಸೆನ್ಸರ್ ಇರುವುದು ಸೀಲಿಂಗ್ ಹತ್ತಿರ, ಬಿಸಿಗಾಳಿ ಸೇರುವ ಜಾಗದಲ್ಲಿ. ಹಾಕುವ, ಆರಿಸುವ ಅಂಕಿ ಬೇರೆ ಬೇರೆ ಇರಲಿ: 28ಕ್ಕೆ ಆನ್, 26ಕ್ಕೆ ಆಫ್. ಎರಡೂ 27 ಎಂದಿಟ್ಟರೆ ಎಸಿ ಹತ್ತುವುದು ಆರುವುದು ಅದರಲ್ಲೇ ಇರುತ್ತದೆ. ಕಂಪ್ರೆಸರ್ ಒಮ್ಮೆ ನಿಂತರೆ ಸುಮಾರು ಮೂರು ನಿಮಿಷ ಬಿಟ್ಟೇ ಮತ್ತೆ ಶುರುವಾಗಬೇಕು. ಎಸಿ ತಾನೇ ಇದನ್ನು ನೋಡಿಕೊಳ್ಳುತ್ತದಾದರೂ ನಿಮ್ಮ ಆಟೊಮೇಷನ್ ಅದನ್ನು ಪೀಡಿಸಬಾರದು. ಕಿಟಕಿಯ ಸೆನ್ಸರ್‌ಗೂ ಇದೇ ತಾಳ್ಮೆ ಬೇಕು. ತೆರೆದ ಕೂಡಲೇ ಆಫ್ ಬೇಡ, ಎರಡು ನಿಮಿಷ ತೆರೆದೇ ಇದ್ದರೆ ಆಫ್ ಆಗಲಿ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಸೆಕೆಯಷ್ಟೇ ಕಾಟ ಕೊಡುವುದು ತೇವ. ಆರ್ದ್ರತೆ ಅಳೆಯುವ ಸೆನ್ಸರ್ ಇದ್ದರೆ, ತಾಪಮಾನ 27ರ ಒಳಗಿದ್ದು ಆರ್ದ್ರತೆ 70 ದಾಟಿದಾಗ ಕೂಲ್ ಬದಲು ಡ್ರೈ ಮೋಡ್ ಹಾಕಿಸಿ ನೋಡಿ. ಬೆಂಗಳೂರಿನವರಿಗೆ ಇನ್ನೊಂದು ತೊಡಕು. ಫೋನಿನ ಲೊಕೇಷನ್ ನೋಡಿ ‘ಮನೆಗೆ 3 ಕಿ.ಮೀ. ಇರುವಾಗ ಎಸಿ ಆನ್’ ಎಂದು ಬರೆದರೆ, ಸಿಲ್ಕ್ ಬೋರ್ಡ್ ಕಡೆಯಿಂದ ಬರುವವರಿಗೆ ಆ ಮೂರು ಕಿಲೊಮೀಟರ್ ಹತ್ತು ನಿಮಿಷವೂ ಆದೀತು, ಐವತ್ತೂ ಆದೀತು. ದೂರದ ಬದಲು, ಟ್ರಾಫಿಕ್ ನೋಡಿ ಪ್ರಯಾಣದ ಹೊತ್ತು ಹೇಳುವ ವೇಜ್ ಟ್ರಾವೆಲ್ ಟೈಮ್ ಇಂಟಿಗ್ರೇಷನ್ ಹಾಕಿ ಸಮಯವನ್ನೇ ನೋಡಿ.

ಮನೆಯಲ್ಲಿ ಹಿರಿಯರಿದ್ದರೆ ಅವರ ಕೈಯಿಂದ ರಿಮೋಟ್ ಕಿತ್ತುಕೊಳ್ಳಬೇಡಿ. ಅವರು 22 ಮಾಡಿದ್ದನ್ನು ಕಂಪ್ಯೂಟರ್ ಐದೈದು ನಿಮಿಷಕ್ಕೆ 26 ಮಾಡುತ್ತ ಕೂತರೆ ಮನೆಯಲ್ಲಿ ಜಗಳ ಗ್ಯಾರಂಟಿ. ಯಾರಾದರೂ ರಿಮೋಟ್ ಮುಟ್ಟಿದರೆ ಎರಡು ಗಂಟೆ ಆಟೊಮೇಷನ್ ಸುಮ್ಮನಿರಬೇಕು ಎಂಬ ಷರತ್ತು ಸೇರಿಸಿ.

ಕರೆಂಟ್ ಹೋಗಿ ಬಂದಾಗ

ರೌಟರ್ ಮತ್ತು ಹೋಮ್ ಅಸಿಸ್ಟೆಂಟ್ ಎರಡಕ್ಕೂ ಯುಪಿಎಸ್ ಇರಲಿ. ರೌಟರಿಗೆ ಪುಟ್ಟ 12 ವೋಲ್ಟ್ ಯುಪಿಎಸ್ ಸಾಕು. ಕರೆಂಟ್ ಬಂದ ಮೇಲೆ ಎಸಿ ಹಿಂದಿನ ಸ್ಥಿತಿಗೆ ಮರಳುವುದೋ ಆರಿಯೇ ಇರುವುದೋ ಎಂಬುದು ಆಟೊ ರೀಸ್ಟಾರ್ಟ್ ಸೌಲಭ್ಯದ ಮೇಲಿದೆ. ಆಟೊಮೇಷನ್‌ನಲ್ಲಿ ‘ಎಸಿ ಅನ್‌ಅವೈಲಬಲ್ ಸ್ಥಿತಿಯಿಂದ ಹೊರಬಂದಾಗ’ ಎಂಬ ಟ್ರಿಗರ್ (ಆಟೊಮೇಷನ್ ಶುರುಮಾಡುವ ಘಟನೆ) ಇಟ್ಟು, ಐದು ನಿಮಿಷ ಕಾದು, ಮನೆಯಲ್ಲಿ ಜನ ಇದ್ದರೆ ಮಾತ್ರ ಹಾಕಿಸಿ. ಎರಡು ಎಸಿ ಇರುವ ಮನೆಯಲ್ಲಿ ಎರಡನೆಯದಕ್ಕೆ ಹತ್ತು ನಿಮಿಷ ಕೊಡಿ. 1.5 ಟನ್ ಎಸಿ ಪೂರ್ತಿ ಓಡುವಾಗ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇರುವ ಮನೆಯಲ್ಲಿ ಎರಡು ಎಸಿ, ಗೀಸರ್ ಒಟ್ಟಿಗೆ ಎದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ವೈಫೈ ಇಲ್ಲದ ಹಳೆಯ ಎಸಿಗೆ ಸ್ಮಾರ್ಟ್ ಪ್ಲಗ್ ಹಾಕಿ ಕರೆಂಟನ್ನೇ ಕಡಿದು ನಡೆಸುವ ಸಲಹೆ ಅಲ್ಲಲ್ಲಿ ಕಾಣುತ್ತದೆ. ದಯವಿಟ್ಟು ಮಾಡಬೇಡಿ, ಓಡುತ್ತಿರುವ ಕಂಪ್ರೆಸರ್‌ನ ಕರೆಂಟ್ ಹಠಾತ್ತನೆ ಕಡಿಯುವುದು ಒಳ್ಳೆಯದಲ್ಲ. ಅದರ ಬದಲು ಬ್ರಾಡ್‌ಲಿಂಕ್ ಆರ್‌ಎಂ4 ಮಿನಿಯಂಥ ಐಆರ್ ಬ್ಲಾಸ್ಟರ್ ಬಳಸಿ. ಅದು ರಿಮೋಟಿನ ಸಂಕೇತವನ್ನೇ ಕಲಿತು ಕಳಿಸುತ್ತದೆ. ಅದರ ಆ್ಯಪ್‌ನಲ್ಲಿ ‘ಲಾಕ್ ಡಿವೈಸ್’ ಆಫ್ ಇರಬೇಕು, ಇಲ್ಲದಿದ್ದರೆ ಹೋಮ್ ಅಸಿಸ್ಟೆಂಟ್‌ಗೆ ಕೈಗೆ ಸಿಗದು. ಇಲ್ಲಿ ಮಾತು ಒಂದೇ ದಿಕ್ಕಿಗೆ. ಎಸಿ ನಿಜಕ್ಕೂ ಹತ್ತಿತೇ ಎಂದು ತಿಳಿಯಲು ಗಾಳಿ ಬರುವ ಜಾಗದಲ್ಲಿ ಒಂದು ತಾಪಮಾನ ಸೆನ್ಸರ್ ಅಂಟಿಸಬೇಕಾಗುತ್ತದೆ.

ಹೊರಗಿನಿಂದ ಎಸಿ ನಡೆಸಬೇಕೆಂದು ರೌಟರಿನಲ್ಲಿ 8123 ಪೋರ್ಟ್ ತೆರೆದಿಡುವುದೂ ಬೇಡ. ಮನೆಯ ನೆಟ್‌ವರ್ಕ್‌ಗೆ ಸುರಕ್ಷಿತ ಖಾಸಗಿ ದಾರಿ ಮಾಡಿಕೊಡುವ ಟೇಲ್‌ಸ್ಕೇಲ್‌ನಂಥ ವಿಪಿಎನ್ ಅಥವಾ ಹೋಮ್ ಅಸಿಸ್ಟೆಂಟ್‌ನವರದೇ ಚಂದಾ ಸೇವೆ ಸಾಕು.

ಕೊನೆಗೆ ಒಂದು ಸಣ್ಣ ಆಟೊಮೇಷನ್. ಹಿಸ್ಟರಿ ಸ್ಟ್ಯಾಟ್ಸ್ ಎಂಬ ಸೌಲಭ್ಯ ಎಸಿ ದಿನಕ್ಕೆ ಎಷ್ಟು ಗಂಟೆ ಓಡಿತೆಂದು ಲೆಕ್ಕ ಇಡುತ್ತದೆ. ಅದನ್ನು ದಿನದಿಂದ ದಿನಕ್ಕೆ ಕೂಡಿಸುತ್ತ ಹೋಗಿ. 200 ಗಂಟೆ ಆದಾಗ ‘ಫಿಲ್ಟರ್ ತೊಳೆಯಿರಿ’ ಎಂದು ಫೋನಿಗೆ ಸಂದೇಶ ಬರುವಂತೆ ಮಾಡಿಕೊಳ್ಳಿ. ದೂಳು ಹೆಚ್ಚಿರುವ ರಸ್ತೆಯ ಬದಿಯ ಮನೆಯಾದರೆ 100 ಗಂಟೆಗೇ ಇಟ್ಟುಕೊಳ್ಳಿ.