ಸಿಂಧನೂರಿನ ಬಿಸಿಲಿಗೆ ಕುರುಡಾದ ಕ್ಯಾಮೆರಾ

ವೈರಿಲ್ಲದ ಸಿಸಿಟಿವಿ ಕ್ಯಾಮೆರಾ ನಮ್ಮ ಸಿಂಧನೂರಿನಲ್ಲಿ ನಡೆಯಲ್ಲ ಅಂದವರು ಕಡಿಮೆ ಅಂದ್ರೂ ಆರು ಜನ. ಒಬ್ಬ ಎಲೆಕ್ಟ್ರಿಷಿಯನ್, ಒಬ್ಬರು ನಮ್ಮ ಕಾಕಾ, ಉಳಿದವರು ಚಹಾದಂಗಡಿ ಮುಂದೆ ಕೂರುವವರು. ನನ್ನದು ಈಗ ಹದಿನಾಲ್ಕು ತಿಂಗಳಿಂದ ನಡೆಯುತ್ತಿದೆ. ಮಧ್ಯೆ ಒಂದು ಪೂರ್ತಿ ಬೇಸಿಗೆ ದಾಟಿದೆ. ಅದಕ್ಕೇ ಬರೆಯುವ ಧೈರ್ಯ ಬಂತು.

ಶುರುವಾಗಿದ್ದು ಪೆಟ್ರೋಲಿನಿಂದ. ಅಂಗಳದಲ್ಲಿ ನಿಲ್ಲಿಸಿದ ಬೈಕಿಗೆ ವಾರಕ್ಕೊಮ್ಮೆ ಯಾರೋ ಪೈಪ್ ಹಾಕಿ ಎಳೆಯುತ್ತಿದ್ದರು. ಹೋಗಲಿ ಅಂತ ಸುಮ್ನಿದ್ದೆ. ಒಂದು ಬೆಳಿಗ್ಗೆ ಕಟ್ಟೆ ಮೇಲಿದ್ದ ಎರಡು ಚೀಲ ಸೋನಾ ಮಸೂರಿ ಭತ್ತವೂ ಇಲ್ಲ. "ಹಿಂಗೇ ಕುಂತ್ರೆ ನಾಳೆ ನಮ್ಮನ್ನೂ ಹೊತ್ಕೊಂಡು ಹೋಗ್ತಾರ ನೋಡ್ರಿ" ಅಂದಳು ಮನೆಯಾಕೆ.

ಎಲೆಕ್ಟ್ರಿಷಿಯನ್ ನಾಲ್ಕು ಕ್ಯಾಮೆರಾ, ರೆಕಾರ್ಡ್ ಮಾಡುವ ಡಿವಿಆರ್ ಡಬ್ಬ, ವೈರಿಂಗ್ ಎಲ್ಲ ಸೇರಿ 22 ಸಾವಿರ ಹೇಳಿದ. ನಮ್ಮದು ಹಳೇ ಮಾಳಿಗೆ ಮನೆ. ಕಲ್ಲು ಮಣ್ಣಿನ ಗೋಡೆ, ಎರಡು ಅಡಿ ದಪ್ಪ. ಡ್ರಿಲ್ ನೋಡಿದ ಕೂಡಲೇ ಅಪ್ಪ ಎದ್ದು ನಿಂತರು. ಮಾತು ಅಲ್ಲಿಗೇ ಮುಗಿಯಿತು.

ಮೊದಲನೇ ಕ್ಯಾಮೆರಾ ಆನ್‌ಲೈನ್‌ನಲ್ಲಿ ತರಿಸಿದ್ದು, ಸುಮಾರು 2,200 ರೂಪಾಯಿ. ಡಬ್ಬದ ಮೇಲೆ ವೈರ್‌ಲೆಸ್ ಅಂತ ದೊಡ್ಡದಾಗಿ ಇತ್ತು. ತೆರೆದರೆ ಒಳಗೆ ಅಡಾಪ್ಟರ್. ವೈಫೈಗೆ ಮಾತ್ರ ವೈರಿಲ್ಲ, ಕರೆಂಟಿಗೆ ಬೇಕೇ ಬೇಕು! ವಾಪಸ್ ಕಳಿಸುವ ದಿನ ದಾಟಿಹೋಗಿತ್ತು. ಅದೀಗ ಕೊಟ್ಟಿಗೆಯಲ್ಲಿ ಎಮ್ಮೆ ಕಾಯುತ್ತಿದೆ.

ಎರಡನೇದು ಸೋಲಾರ್ ಪ್ಯಾನೆಲ್ ಇರುವ ಬ್ಯಾಟರಿ ಕ್ಯಾಮೆರಾ, ಐದೂವರೆ ಸಾವಿರದ ಹತ್ತಿರ. ಫೆಬ್ರುವರಿಯಲ್ಲಿ ಹಾಕಿದೆ. ಮಾರ್ಚ್ ತನಕ ಬಂಗಾರದಂಥ ಕೆಲಸ. ಬೆಕ್ಕು ಬಂದರೂ ಫೋನ್ ಕೂಗುತ್ತಿತ್ತು. ಏಪ್ರಿಲ್ ಕೊನೆಯ ವಾರ ಒಂದು ಸಂಜೆ ನಾನೇ ಗೇಟು ತೆಗೆದು, ಬೈಕು ಒಳಗೆ ತಂದು, ಕ್ಯಾಮೆರಾ ಮುಂದೆ ನಿಂತು ಕೈ ಬೀಸಿದೆ. ಅದು ಏಳಲೇ ಇಲ್ಲ. ಕಾಕಾ ಕಟ್ಟೆ ಮೇಲೆ ಕುಳಿತು ನೋಡುತ್ತಿದ್ದರು. "ನಾ ಹೇಳಿದ್ನಿಲ್ಲೋ ತಮ್ಮಾ, ನಾಕು ದಿನದ ಆಟ ಅಂತ."

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಐದಕ್ಕೆ ಎದ್ದು ಹೋದರೆ ಅದೇ ಕ್ಯಾಮೆರಾ ಗೇಟಿನ ಹತ್ತಿರವೇ ನನ್ನನ್ನು ಹಿಡಿಯಿತು! ಬೆಳಿಗ್ಗೆ ಸರಿ, ಸಂಜೆ ಕುರುಡು. ಹಾಗಾದರೆ ಮಷಿನ್ ಕೆಟ್ಟಿಲ್ಲ.

ಬ್ಯಾಟರಿ ಕ್ಯಾಮೆರಾ ಚಾರ್ಜ್ ಉಳಿಸಲು ನಿದ್ದೆ ಮಾಡುತ್ತಿರುತ್ತದೆ. ಅದು ಏಳುವುದು ಬಿಸಿ ಗುರುತಿಸುವ ಪಿಐಆರ್ ಸೆನ್ಸರ್‌ನಿಂದ. ಅದಕ್ಕೆ ಮನುಷ್ಯ ಕಾಣುವುದಿಲ್ಲ. ಮೈಯ ಬಿಸಿಗೂ ಹಿಂದಿನ ಗೋಡೆಯ ಬಿಸಿಗೂ ಇರುವ ವ್ಯತ್ಯಾಸ ಮಾತ್ರ ಕಾಣುತ್ತದೆ. ಎಸಿ ರಿಪೇರಿ ಮಾಡುವ ಗೆಳೆಯನ ಟೆಂಪರೇಚರ್ ಗನ್ ತಂದು ಎದುರಿನ ಕಾಂಪೌಂಡ್ ಗೋಡೆಗೆ ಹಿಡಿದೆ. ರಾತ್ರಿ ಎಂಟಕ್ಕೂ 37 ಡಿಗ್ರಿ. ನನ್ನ ಅಂಗಿ ಮೇಲೆ ಹಿಡಿದರೆ 35. ಗೋಡೆ ಬೇರೆ, ನಾನು ಬೇರೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಪರೀಕ್ಷೆಗೆ ಎರಡು ಗೋಣಿಚೀಲ ನೆನೆಸಿ ಆ ಗೋಡೆಗೆ ಇಳಿಬಿಟ್ಟೆ. ಒಣ ಗಾಳಿಗೆ ಹತ್ತೇ ನಿಮಿಷದಲ್ಲಿ ಚೀಲ 27ಕ್ಕೆ ಇಳಿಯಿತು. ಮಗನನ್ನು ಅದರ ಮುಂದೆ ನಡೆಸಿದೆ. ಫೋನ್ ಕೂಗಿತು. ಚೀಲ ತೆಗೆದೆ, ನಡೆಸಿದೆ, ಸುದ್ದಿಯಿಲ್ಲ. ಮತ್ತೆ ಹಾಕಿದೆ, ಕೂಗಿತು. ಏಳೆಂಟು ಸಲ ಮಾಡಿರಬೇಕು. "ಗ್ವಾಡಿಗೆ ಸ್ನಾನ ಮಾಡಸಾಕ್ಹತ್ಯಾನ" ಅಂತ ಪಕ್ಕದ ಮನೆಯವರೆಲ್ಲ ಬಂದು ನಕ್ಕರು.

ದಿನಾ ಗೋಣಿಚೀಲ ನೆನೆಸೋಕಾಗಲ್ಲ ಅಲ್ವಾ. ಕ್ಯಾಮೆರಾವನ್ನು ಅಲ್ಲಿಂದ ಕಿತ್ತು ಬೇವಿನ ಮರದ ಕಡೆ ತಿರುಗಿಸಿದೆ. ಎತ್ತರ ಹತ್ತಡಿಯಿಂದ ಏಳೂವರೆಗೆ ಇಳಿಸಿ, ಮೂತಿ ಕೆಳಗೆ ಬಗ್ಗಿಸಿದೆ. ಈಗ ಅದರ ಕಣ್ಣಿಗೆ ಬೀಳುವುದು ಕಾದ ಗೋಡೆಯಲ್ಲ, ನೆರಳಿನ ನೆಲ. ಸಂಜೆ ಮನೆಯಾಕೆ ಅಂಗಳಕ್ಕೆ ನೀರು ಹೊಡೆಯುವ ರೂಢಿ ಮೊದಲಿಂದಲೂ ಇತ್ತು. ಆ ತಂಪು ಪುಕ್ಕಟೆ ಸಿಕ್ಕಿತು. ಇನ್ನೊಂದು ಲಾಭ, ಗೇಟಿನಿಂದ ಬರುವವರು ಈಗ ಕ್ಯಾಮೆರಾಕ್ಕೆ ಅಡ್ಡ ಹಾಯುತ್ತಾರೆ. ನೇರ ಎದುರಿಗೆ ಬರುವವರನ್ನು ಪಿಐಆರ್ ತಡವಾಗಿ ಹಿಡಿಯುತ್ತದೆ, ಅಡ್ಡ ಹಾದರೆ ತಕ್ಷಣ. ನೆಲಕ್ಕೆ ಸುಣ್ಣದ ಗೆರೆ ಎಳೆದು ನೋಡಿದ್ದೇನೆ. ಮೊದಲು ಎಂಟು ಅಡಿ ದೂರದಿಂದ ಹಿಡಿಯುತ್ತಿತ್ತು, ಈಗ ಹತ್ತಿರ ಹತ್ತಿರ ಇಪ್ಪತ್ತೆರಡು.

ಅಷ್ಟರಲ್ಲಿ ಮೇ ಬಂತು. ಈಗ ಚಾರ್ಜ್ ಏರುವುದು ನಿಂತಿತು. ಬೆಂಕಿಯಂಥ ಬಿಸಿಲು, ಆದರೂ ಬ್ಯಾಟರಿ ದಿನಕ್ಕೆ ನಾಲ್ಕು ಪರ್ಸೆಂಟ್ ಇಳಿಯುತ್ತಿದೆ. ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 45 ಡಿಗ್ರಿ ದಾಟಿದರೆ ಚಾರ್ಜ್ ತೆಗೆದುಕೊಳ್ಳುವುದಿಲ್ಲ. ಹೊರಗೇ 43 ಇದ್ದರೆ ಬಿಸಿಲಲ್ಲಿರುವ ಡಬ್ಬಿಯೊಳಗೆ ಎಷ್ಟಿರಬೇಡ! ಮೂರು ಮೀಟರ್ ಕೇಬಲ್ ತಂದು ಪ್ಯಾನೆಲನ್ನು ಮಾಳಿಗೆ ಮೇಲೆ ದಕ್ಷಿಣಕ್ಕೆ ಸ್ವಲ್ಪ ಓರೆ ಮಾಡಿ ಇಟ್ಟೆ. ಕ್ಯಾಮೆರಾಕ್ಕೆ ಕುಂಬಾರರ ಮಡಕೆ ಅರ್ಧ ಕೊಯ್ದು ಟೊಪ್ಪಿಗೆ ಹಾಕಿದೆ. ತಗಡಿನದು ಮೊದಲು ಹಾಕಿದ್ದೆ, ಅದು ಇನ್ನೂ ಕಾಯಿಸಿತು. ಮಡಕೆಗೆ 40 ರೂಪಾಯಿ. ಎರಡು ಕೊಯ್ಯುವಾಗಲೇ ಒಡೆದವು, ಅದು ಬೇರೆ.

ರೌಟರ್ ಕಥೆ ಹೇಳಲು ನಾಚಿಕೆ. ಕರೆಂಟ್ ಹೋದರೆ ವೈಫೈ ಸಾಯುತ್ತದೆ, ಫೋನಿಗೆ ಸುದ್ದಿ ಬರಲ್ಲ. ಹಳೇ ಬೈಕ್ ಬ್ಯಾಟರಿಯನ್ನು ಚಾರ್ಜರ್ ಸಮೇತ ನೇರವಾಗಿ ರೌಟರಿಗೆ ಕೊಟ್ಟೆ. ಹನ್ನೆರಡು ವೋಲ್ಟ್ ಅಂದುಕೊಂಡಿದ್ದೆ, ಚಾರ್ಜ್ ಆಗುವಾಗ ಹದಿನಾಲ್ಕು ದಾಟುತ್ತದೆ. ಸಣ್ಣ ಹೊಗೆ, 1,600 ರೂಪಾಯಿ ನೀರುಪಾಲು. ಆಮೇಲೆ 1,300 ಕೊಟ್ಟು ಮಿನಿ ಯುಪಿಎಸ್ ತಂದೆ. ಹೊಸ ರೌಟರನ್ನು ಕಿಟಕಿಗೆ ತಂದಿಟ್ಟು, ಹೆಚ್ಚು ದೂರ ಮುಟ್ಟುವ 2.4 ಗಿಗಾಹರ್ಟ್ಜ್‌ಗೆ ಬೇರೆ ಹೆಸರು ಕೊಟ್ಟೆ. ಗೇಟಿನ ಹತ್ತಿರ ಸಿಗ್ನಲ್ ಮೈನಸ್ 78 ಇದ್ದದ್ದು ಮೈನಸ್ 62ಕ್ಕೆ ಬಂತು. ಸೊನ್ನೆಗೆ ಹತ್ತಿರ ಬಂದಷ್ಟೂ ಸಿಗ್ನಲ್ ಗಟ್ಟಿ.

ಮೆಮೊರಿ ಕಾರ್ಡ್ ಅಗ್ಗದ್ದು ತರಬೇಡಿ. 128 ಜಿಬಿ ಅಂತ ತಂದದ್ದು ಎಂಟು ಜಿಬಿ ತುಂಬಿದ ಮೇಲೆ ಬರೀ ಕಸ ಬರೆಯುತ್ತಿತ್ತು. ಈಗ ಯಾವ ಕಾರ್ಡ್ ತಂದರೂ ಮೊದಲು ಪೂರ್ತಿ ತುಂಬಿಸಿ, ತೆರೆದು ನೋಡುತ್ತೇನೆ. ಹೊಸದಾಗಿ ಕ್ಯಾಮೆರಾ ಕೊಳ್ಳುವವರು ಕೇಂದ್ರ ಸರ್ಕಾರದ ಎಸ್‌ಟಿಕ್ಯೂಸಿ ಭದ್ರತಾ ಪರೀಕ್ಷೆ ಪಾಸಾಗಿದೆಯಾ ಅಂತಲೂ ಕೇಳಿ. 2025ರ ಏಪ್ರಿಲ್‌ನಿಂದ ಸಿಸಿಟಿವಿಗೆ ಅದು ಕಡ್ಡಾಯ.

ದೀಪಾವಳಿ ಹೊತ್ತಿಗೆ ಭತ್ತದ ಗದ್ದೆಗಳಿಂದ ಜಿಗಿಹುಳು ಎದ್ದವು. ರಾತ್ರಿ ಬಣ್ಣದ ಚಿತ್ರ ಬರಲಿ ಅಂತ ಬಿಳಿ ಲೈಟ್ ಹಾಕಿಟ್ಟಿದ್ದೆ. ಹುಳು ಬಂತು, ಹುಳು ತಿನ್ನಲು ಹಲ್ಲಿ ಬಂತು, ಲೆನ್ಸಿಗೆ ಜೇಡ ಬಲೆ ಕಟ್ಟಿತು. ಲೈಟ್ ಬಂದ್ ಮಾಡಿ ಇನ್ಫ್ರಾರೆಡ್ ಮಾತ್ರ ಬಿಟ್ಟ ಮೇಲೆ ಹುಳು ಹೋದವು. ಜೇಡಕ್ಕೆ ಒಂದು ಮದ್ದು ಮಾಡಿದ್ದೇನೆ, ಮೂರು ತಿಂಗಳು ಬಲೆ ಕಟ್ಟಲ್ಲ. ಅದನ್ನು ಸದ್ಯ ಹೇಳುವುದಿಲ್ಲ. ಆಮೇಲೆ ಹಾಕಿದ ಇನ್ನೊಂದು ಕ್ಯಾಮೆರಾ ಎಲ್ಲಿದೆ ಅನ್ನುವುದನ್ನೂ ಹೇಳುವುದಿಲ್ಲ.

ಕಳ್ಳರು ಬಂದದ್ದು ಡಿಸೆಂಬರಿನಲ್ಲಿ, ರಾತ್ರಿ ಎರಡೂಕಾಲು ಗಂಟೆಗೆ. ಇಬ್ಬರು, ಕೈಯಲ್ಲಿ ಪೈಪು, ಐದು ಲೀಟರಿನ ಕ್ಯಾನು. ಹಾಸಿಗೆಯಲ್ಲೇ ಮಲಗಿ ಫೋನ್ ಒತ್ತಿ "ಯಾರಪ್ಪಾ ಅದು, ಚಾ ಕುಡೀತೀರೇನು?" ಅಂದೆ. ಮಡಕೆಯೊಳಗಿನ ಸ್ಪೀಕರಿನಿಂದ ದನಿ ಗವಿಯಿಂದ ಬಂದ ಹಾಗೆ ಬಂತು. ಕ್ಯಾನು ಅಲ್ಲೇ ಬಿಟ್ಟು ಓಡಿದರು. ಈಗ ಸೀಮೆಎಣ್ಣೆಗೆ ಅದನ್ನೇ ಬಳಸುತ್ತಿದ್ದೇವೆ.

ಸುಟ್ಟದ್ದು, ಒಡೆದದ್ದು, ಕೊಟ್ಟಿಗೆ ಸೇರಿದ್ದು, ಆಮೇಲೆ ಹಾಕಿದ ಆ ಕ್ಯಾಮೆರಾ ಎಲ್ಲ ಸೇರಿ ನನಗೆ 18 ಸಾವಿರ ಹತ್ತಿರ ಬಿದ್ದಿದೆ. ಈಗ ಶುರು ಮಾಡುವವರಿಗೆ ಒಂದು ಕ್ಯಾಮೆರಾದ್ದು ಎಂಟು ಸಾವಿರದೊಳಗೆ ಮುಗಿಯುತ್ತದೆ.

ಹೋದ ವಾರ ಕಾಕಾ ಒಂದು ಡಬ್ಬ ಹಿಡಿದು ಬಂದರು. "ನಮ್ಮನೀಗೂ ಒಂದು ಹಾಕ್ಕೊಡೋ ತಮ್ಮಾ." ಹೋಗಿ ನೋಡಿದೆ. ಅಂಗಳದ ತುಂಬ ಶಹಾಬಾದ್ ಕಲ್ಲು, ನೆರಳಿಗೆ ಒಂದು ಗಿಡವೂ ಇಲ್ಲ.

"ಗೋಣಿಚೀಲ ಎಷ್ಟದಾವ ಕಾಕಾ?" ಅಂತ ಕೇಳಿದೆ.