ಕೊನೆಯ ದಿನವನ್ನು ಖಾಲಿ ಇಟ್ಟೆವು

"ನಮ್ಮ ಜಿಲ್ಲೆಯಲ್ಲೇ ನಾಲ್ಕು ದಿನ ರಜೆಯಾ?" ಎಂದು ಅಕ್ಕ ಕೇಳಿದಳು. ಹೌದು, ಇಲ್ಲೇ, ಕಾಸರಗೋಡು ಜಿಲ್ಲೆಯಲ್ಲೇ. ನಮ್ಮ ಬದಿಯಡ್ಕದಿಂದ ವಲಿಯಪರಂಬಕ್ಕೆ ಎರಡು ಗಂಟೆಯ ದಾರಿ. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ಮಾತು ಹೆಚ್ಚುಕಡಿಮೆ ಮಲಯಾಳವೇ. ವಲಿಯಪರಂಬದ ಒಂದು ಬದಿ ಸಮುದ್ರ, ಇನ್ನೊಂದು ಬದಿ ಕವ್ವಾಯಿ ಹಿನ್ನೀರು, ನಡುವೆ ತೆಂಗಿನ ಮರಗಳ ಉದ್ದ ಪಟ್ಟಿ. ಅಲ್ಲಿನ ಒಂದು ಸಣ್ಣ ವಸತಿಯಲ್ಲಿ ಡಿಸೆಂಬರಿನಲ್ಲಿ ಉಳಿದಿದ್ದೆವು.

ಹಿಂದಿನ ವರ್ಷ ಬೇರೊಂದು ಊರಿಗೆ ಹೋದಾಗ ಕೊನೆಯ ದಿನಕ್ಕೆ ಮೂರು ಜಾಗ ತುರುಕಿದ್ದೆ. ಮಗಳು ಕಾರಿನಲ್ಲಿ ವಾಂತಿ ಮಾಡಿಕೊಂಡಳು, ರೈಲೂ ತಪ್ಪಿತು. ಮನೆಗೆ ಬಂದ ಮೇಲೆ ನೆನಪಾಗುತ್ತಿದ್ದದ್ದು ಆ ದಿನ ಮಾತ್ರ. ಹಾಗಾಗಿ ಈ ಸಲ ನೋಡುವುದನ್ನೆಲ್ಲ ಮೊದಲೇ ಮುಗಿಸಿದೆವು. ಕೆಳದಿ ಶಿವಪ್ಪ ನಾಯಕ ಕಟ್ಟಿಸಿದ ಬೇಕಲ ಕೋಟೆ ಮೊದಲ ದಿನ, ಅನಂತಪುರದ ಕೆರೆ ದೇವಸ್ಥಾನ ಎರಡನೇ ದಿನ. ಮೂರನೇ ರಾತ್ರಿಯೇ ಬ್ಯಾಗ್ ಕಟ್ಟಿ, ಮರುದಿನದ ಬಟ್ಟೆಯನ್ನಷ್ಟೇ ಹೊರಗಿಟ್ಟೆವು. ಕೋಣೆ ಸಂಜೆ 4ರವರೆಗೆ ಸಿಗುತ್ತದಾ ಎಂದು ಬಂದ ದಿನವೇ ಕೇಳಿಟ್ಟಿದ್ದೆ. ಸ್ವಲ್ಪ ಜಾಸ್ತಿ ದುಡ್ಡಾಯಿತು, ಅದಕ್ಕೆ ಬೇಜಾರಿಲ್ಲ.

ದೋಣಿಯವರ ಹತ್ತಿರ ಒಂದೇ ಪ್ರಶ್ನೆ ಕೇಳಿದ್ದೆ: ಭರತ, ಅಂದರೆ ಸಮುದ್ರದ ನೀರು ಪೂರ್ತಿ ಏರುವುದು, ನಾಳೆ ಎಷ್ಟು ಹೊತ್ತಿಗೆ? "ಇವತ್ತು 6ಕ್ಕೆ, ನಾಳೆ 6.50ಕ್ಕೆ" ಎಂದರು. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಮ್ಮ ಆ ಇಡೀ ದಿನಕ್ಕೆ ಇದ್ದ ವೇಳಾಪಟ್ಟಿ ಅದೊಂದೇ.

ಬೆಳಿಗ್ಗೆ ನೀರು ತುಂಬಿದ್ದಾಗ ದೋಣಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲದ ಮರಗಳ ನಡುವಿನ ತೋಡಿಗೆ ನುಗ್ಗಿತು. ಹುಟ್ಟಿನ ಸದ್ದು ಬಿಟ್ಟರೆ ಮಿಂಚುಳ್ಳಿಯ ಕೂಗು ಮಾತ್ರ. ಕಾಂಡ್ಲದ ಬೀಜ ಮರದಲ್ಲೇ ಮೊಳೆತು ಸಣ್ಣ ನುಗ್ಗೆಕಾಯಿಯ ಹಾಗೆ ಜೋತಾಡುತ್ತದೆ. ಬಿದ್ದಾಗ ಕೆಳಗೆ ಕೆಸರಿದ್ದರೆ ಅಲ್ಲೇ ಚುಚ್ಚಿ ನಿಲ್ಲುತ್ತದೆ, ನೀರಿದ್ದರೆ ತೇಲಿಕೊಂಡು ಹೋಗಿ ಇನ್ನೆಲ್ಲೋ ಬೇರು ಬಿಡುತ್ತದೆ. ಪಕ್ಕದ ಉಪ್ಪಟ್ಟಿ ಗಿಡದ ಎಲೆಯನ್ನು ನೆಕ್ಕಿ ನೋಡಲು ದೋಣಿಯವರು ಮಗಳಿಗೆ ಹೇಳಿದರು. ಅವಳ ಮುಖ ಅರಳಿತು. ಉಪ್ಪು! ಬೇರು ಎಳೆದುಕೊಂಡ ಉಪ್ಪನ್ನು ಆ ಗಿಡ ಎಲೆಯಿಂದ ಹೊರಗೆ ಹಾಕುತ್ತದೆ.

ಆಮೇಲೆ ದಡದಲ್ಲಿ ಕಲ್ಲುಮ್ಮಕ್ಕಾಯಿ ಎಂಬ ಚಿಪ್ಪುಜೀವಿ ಸಾಕಲು ಹಗ್ಗ ಕಟ್ಟುವ ಹೆಂಗಸರ ಹತ್ತಿರ ಕೂತೆವು. ಬೆರಳುಗುರಿನಷ್ಟು ಚಿಕ್ಕ ಚಿಪ್ಪುಗಳನ್ನು ಹಗ್ಗದ ಸುತ್ತ ಹರಡಿ, ಹಳೆಯ ಹತ್ತಿ ಬಟ್ಟೆ ಸುತ್ತಿ ಹೊಲಿಯುತ್ತಾರೆ. ನೀರಿನಲ್ಲಿ ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಅವು ತಮ್ಮದೇ ನಾರಿನಿಂದ ಹಗ್ಗಕ್ಕೆ ಅಂಟಿರುತ್ತವೆ. ಮಳೆ ಬಂದರೆ ನೀರಿನ ಉಪ್ಪು ಇಳಿದು ಸಾಯುತ್ತವೆ, ಅದಕ್ಕೇ ಮೇ ತಿಂಗಳ ಒಳಗೆ ತೆಗೆಯಬೇಕು. ನನ್ನ ಹೆಂಡತಿಯೂ ಎರಡು ಹಗ್ಗ ಹೊಲಿದಳು. ಅಲ್ಲೇ ಒಂದು ಗಂಟೆ ಕಳೆಯಿತು. ಗಡಿಬಿಡಿ ಇದ್ದಿದ್ದರೆ ಫೋಟೋ ತೆಗೆದು ಎದ್ದುಬಿಡುತ್ತಿದ್ದೆವು, ಅಲ್ವಾ?

ಮಧ್ಯಾಹ್ನ ಕುಚ್ಚಿಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಸುಟ್ಟ ಹಪ್ಪಳ. ಇಳಿತಕ್ಕೆ ಕೆಸರು ಮೇಲೆ ಬಂದಿತ್ತು. ಕೆಸರಿನ ಮೇಲೆ ಕುಪ್ಪಳಿಸುವ ಮೀನುಗಳನ್ನು ಮಗಳು ಎಣಿಸುತ್ತಾ ಕೂತಳು. ನಾನು ಸುಮ್ನೆ ಮಲಗಿದೆ.

ನಾಲ್ಕಕ್ಕೆ ಹೊರಟೆವು. ದೋಣಿ ಹತ್ತುವಾಗ ಮಗಳು ಕೇಳಿದಳು, "ನಾಳೆ ಭರತ ಎಷ್ಟಕ್ಕೆ?" 7.40 ಎಂದರು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಅವಳು ಶಾಲೆಯ ಚೀಲ ಹೆಗಲಿಗೇರಿಸಿಕೊಂಡು ಗಡಿಯಾರ ನೋಡಿದಳು. "ಅಪ್ಪಾ, ತೋಡು ತುಂಬಿತು" ಎಂದಳು.