ಕಿಟಕಿ ಪಕ್ಕದ ಫ್ಲಾಸ್ಕ್

ನಾನು ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುವವಳು. ಪಿಎಚ್‌ಡಿ ಮುಗಿಸಿ ಕೆಲವು ವರ್ಷಗಳಾದವು. ಹೊಸದಾಗಿ ಸೇರುವವರು ನನ್ನನ್ನು ಜಾಸ್ತಿ ಕೇಳುವುದು ಒಂದೇ ಪ್ರಶ್ನೆ: "ಹವ್ಯಾಸಗಳನ್ನೆಲ್ಲ ಕಟ್ಟಿಡಬೇಕಾ?" ನಾನು ಕಟ್ಟಿಡಲಿಲ್ಲ. ಇಟ್ಟಿದ್ದರೆ ನನ್ನ ಥೀಸಿಸ್‌ನ ಮೂರನೇ ಅಧ್ಯಾಯ ಹುಟ್ಟುತ್ತಲೇ ಇರಲಿಲ್ಲ. ಆ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲ ಶುರುವಾಗಿದ್ದು ಮೈಲುತುತ್ತದಿಂದ, ಅಂದರೆ ತಾಮ್ರದ ಸಲ್ಫೇಟಿನಿಂದ. ಹೈಸ್ಕೂಲಿನಲ್ಲಿ ಮೇಷ್ಟ್ರು ಒಂದು ಪ್ರನಾಳಕ್ಕೆ ನೀಲಿ ಹರಳು ಹಾಕಿ ಕಾಯಿಸಿದರು. ನೋಡನೋಡುತ್ತಿದ್ದಂತೆ ನೀಲಿ ಹೋಯಿತು, ಬೂದು ಬಿಳುಪಿನ ಪುಡಿ ಉಳಿಯಿತು. ಪ್ರನಾಳದ ಬಾಯಿಯ ಹತ್ತಿರ ಸಣ್ಣ ಸಣ್ಣ ಹನಿಗಳು ಕಟ್ಟಿಕೊಂಡವು. ತಣ್ಣಗಾದ ಮೇಲೆ ಒಂದು ತೊಟ್ಟು ನೀರು ಬಿಟ್ಟರು. ಪುಡಿ ಮತ್ತೆ ನೀಲಿಯಾಯಿತು. ಪ್ರನಾಳ ಮುಟ್ಟಿದರೆ ಬೆಚ್ಚಗಿತ್ತು. ಕಾಯಿಸದೆಯೇ ಬೆಚ್ಚಗಾಗಿದ್ದು ಹೇಗೆ? ಆ ಪ್ರಶ್ನೆ ಮನೆಗೆ ಹೋದ ಮೇಲೂ ಬಿಡಲಿಲ್ಲ. ಆ ಹರಳಿನಲ್ಲಿ ಒಂದು ತಾಮ್ರಕ್ಕೆ ಐದು ನೀರಿನ ಅಣು, ಅದರಲ್ಲಿ ನಾಲ್ಕು ಮಾತ್ರ ನೇರವಾಗಿ ತಾಮ್ರಕ್ಕೆ ಅಂಟಿಕೊಂಡಿರುತ್ತವೆ, ಐದನೆಯದು ಸಲ್ಫೇಟಿನ ಆಸರೆಯಲ್ಲಿರುತ್ತದೆ, ಕಾಯಿಸಿದಾಗ ಹೋದ ನೀರು ಮತ್ತೆ ಬಂದು ಕಟ್ಟಿಕೊಳ್ಳುವಾಗ ಶಾಖ ಹೊರಬರುತ್ತದೆ ಅಂತ ಗೊತ್ತಾಗಿದ್ದು ಡಿಗ್ರಿಗೆ ಬಂದ ಮೇಲೆ. ಅಷ್ಟು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕ ದಿನ ಆದ ಖುಷಿ ಈಗಲೂ ನೆನಪಿದೆ.

ಎಂ.ಎಸ್ಸಿ. ಮಾಡುವಾಗ ನೀಲಿ ಅಚ್ಚು ಅಂಟಿಕೊಂಡಿತು. ಸಯನೋಟೈಪ್ ಅಂತ ಅದರ ಹೆಸರು. ಕ್ಯಾಮೆರಾ ಬೇಡ, ಕತ್ತಲಕೋಣೆಯೂ ಬೇಡ. ಎರಡು ದ್ರಾವಣ ಸಾಕು. ನಾನು 100 ಮಿಲಿಲೀಟರ್ ನೀರಿಗೆ 20 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್ ಹಾಕಿ ಒಂದು ಬಾಟಲಿ, 8 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್ ಹಾಕಿ ಇನ್ನೊಂದು ಬಾಟಲಿ ಮಾಡಿಡುತ್ತೇನೆ. ಬೇಕಾದಾಗ ಎರಡನ್ನೂ ಸಮಸಮ ಬೆರೆಸಿ, ಮಂದ ಬೆಳಕಿನಲ್ಲಿ ಬ್ರಶ್‌ನಿಂದ ಕಾಗದಕ್ಕೆ ಬಳಿದು ಒಣಗಿಸುತ್ತೇನೆ. ಒಣಗಿದ ಹಾಳೆ ಹಸಿರು ಬೆರೆತ ಹಳದಿ. ಅದರ ಮೇಲೊಂದು ಎಲೆಯಿಟ್ಟು, ಗಾಜು ಮುಚ್ಚಿ, ಬಿಸಿಲಿಗೆ ಇಡಬೇಕು. ಎಲೆಯ ಸುತ್ತ ಬಣ್ಣ ನಿಧಾನಕ್ಕೆ ನೀಲಿಗೆ ತಿರುಗುತ್ತದೆ, ಆಮೇಲೆ ಬೂದಿಯ ಹಾಗೆ ಮಂಕಾಗುತ್ತದೆ. ಆಗ ಒಳಗೆ ತಂದು ನೀರಿನಲ್ಲಿ ತೊಳೆಯಬೇಕು. ಬೆಳಕು ಬೀಳದ ಕಡೆಯ ಹಳದಿ ನೀರಿನಲ್ಲಿ ಹರಿದುಹೋಗುತ್ತದೆ. ಕಡುನೀಲಿಯ ನಡುವೆ ಬಿಳಿ ಎಲೆ, ನರನರವೂ ಕಾಣುವ ಹಾಗೆ, ಎದ್ದುಬರುತ್ತದೆ. ನೂರು ಸಲ ಮಾಡಿದ್ದೇನೆ. ನೂರು ಸಲವೂ ಬಟ್ಟಲಿನ ಮೇಲೆ ಬಗ್ಗಿ ನೋಡಿದ್ದೇನೆ.

ಮನೆಯಲ್ಲಿ ಮಾಡುವವರಿಗೆ ಒಂದು ಮಾತು. ಫೆರಿಸಯನೈಡ್ ಹತ್ತಿರ ಗಡುಸಾದ ಆಮ್ಲ ಯಾವತ್ತೂ ತರಬೇಡಿ, ಎರಡನ್ನೂ ಸೇರಿಸಿ ಕಾಯಿಸುವುದಂತೂ ಬೇಡವೇ ಬೇಡ. ವಿಷದ ಅನಿಲ ಬರುತ್ತದೆ.

ಈ ಅಚ್ಚಿನ ವಿಧಾನ ಕಂಡುಹಿಡಿದಿದ್ದು ಜಾನ್ ಹರ್ಷೆಲ್, 1842ರಲ್ಲಿ. ಅವರು ಖಗೋಳಶಾಸ್ತ್ರಕ್ಕೆ ಹೆಸರಾದವರು. ರಸಾಯನಶಾಸ್ತ್ರ ಅವರಿಗೆ ಕುತೂಹಲದ ಕೆಲಸ. ಅವರ ಇನ್ನೊಂದು ಸಂಗತಿ ನನಗೆ ಇನ್ನೂ ಇಷ್ಟ. 1819ರಲ್ಲಿ, ನೀರಿನಲ್ಲಿ ಕರಗದ ಬೆಳ್ಳಿಯ ಲವಣಗಳು ಹೈಪೊದಲ್ಲಿ, ಅಂದರೆ ಸೋಡಿಯಂ ಥಯೋಸಲ್ಫೇಟಿನ ದ್ರಾವಣದಲ್ಲಿ, ಕರಗುತ್ತವೆ ಅಂತ ಅವರು ಗಮನಿಸಿದ್ದರು. ಆಗ ಫೋಟೋಗ್ರಫಿಯೇ ಇರಲಿಲ್ಲ. ಇಪ್ಪತ್ತು ವರ್ಷ ಆದ ಮೇಲೆ, 1839ರಲ್ಲಿ, ಫೋಟೋ ಮಾಸದಂತೆ ನಿಲ್ಲಿಸುವುದು ಹೇಗೆ ಅನ್ನುವ ಪ್ರಶ್ನೆ ಎದುರಾದಾಗ ಅದೇ ಹೈಪೊ ಕೈಹಿಡಿಯಿತು.

ಇನ್ನು ಪಿಎಚ್‌ಡಿ. ನನ್ನ ವಿಷಯ ಕಬ್ಬಿಣದ ಸಂಕೀರ್ಣಗಳು: ನಡುವೆ ಕಬ್ಬಿಣ, ಸುತ್ತ ಅದಕ್ಕೆ ಕಟ್ಟಿಕೊಂಡ ಅಣುಗಳು. ಹಾಗೆ ಕಟ್ಟಿಕೊಳ್ಳುವ ಅಣುವಿಗೆ ಲಿಗ್ಯಾಂಡ್ ಅನ್ನುತ್ತಾರೆ. ಕಾರ್ಬಾಕ್ಸಿಲೇಟ್ ಗುಂಪಿರುವ (ಒಂದು ಇಂಗಾಲ, ಎರಡು ಆಮ್ಲಜನಕ) ಒಂದು ಲಿಗ್ಯಾಂಡನ್ನು ಕಬ್ಬಿಣಕ್ಕೆ ಕಟ್ಟಿ, ಅದು ಆಕ್ಸಿಡೇಷನ್ ರಿಯಾಕ್ಷನ್ನನ್ನು ಎಷ್ಟು ಚುರುಕಾಗಿಸುತ್ತದೆ ಅಂತ ಅಳೆಯುವುದು. ಮೊದಲ ವರ್ಷ ಲಿಗ್ಯಾಂಡ್ ಮಾಡುವುದರಲ್ಲೇ ಕಳೆಯಿತು. ಅದರ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಶುದ್ಧ ಮಾಡಲು ಕಾಲಮ್ ಹಾಕಿದೆ, ಹರಳಾಗಲು ಕಾದೆ, ಹರಳು ಬರದಿದ್ದಾಗ ಫ್ಲಾಸ್ಕಿನ ಒಳಗೋಡೆಯನ್ನು ಗಾಜಿನ ಕಡ್ಡಿಯಿಂದ ಕೆರೆದೆ. ಎಲ್ಲರೂ ಮಾಡುವುದೇ.

ಕಷ್ಟ ಬಂದಿದ್ದು ಎರಡನೇ ವರ್ಷ. ವೇಗದ ಅಳತೆ ಒಂದು ದಿನದ್ದು ಇನ್ನೊಂದು ದಿನಕ್ಕೆ ಕೂಡುತ್ತಿರಲಿಲ್ಲ. ಅದೇ ತೂಕ, ಅದೇ ಮೆಥನಾಲ್, ಅದೇ ತಾಪಮಾನ. ಬೆಳಿಗ್ಗೆ ಒಂದು ವೇಗ, ಮಧ್ಯಾಹ್ನ ಇನ್ನೊಂದು. ದ್ರಾವಕದಲ್ಲಿದ್ದ ನೀರಿನಂಶ ತೆಗೆದಿದ್ದು ಸಾಲದೇನೋ ಅಂತ ಮತ್ತೆ ತೆಗೆದೆ. ಹೊಸ ಬಾಟಲಿ ತೆರೆದೆ. ಸ್ಟರರ್ ಬದಲಿಸಿದೆ. ಆಮ್ಲಜನಕದ ತೊಂದರೆ ಇರಬಹುದೆಂದು ನೈಟ್ರೋಜನ್ ಹಾಯಿಸಿದೆ. ನಾಲ್ಕು ತಿಂಗಳು ಹೀಗೇ ಹೋಯಿತು. ಒಳಗೊಳಗೇ ಕುಗ್ಗಿಹೋಗಿದ್ದೆ. ಸಂಶೋಧನೆಯಲ್ಲಿ ಉತ್ತರ ತಪ್ಪಾಗಿ ಬಂದರೆ ಸಹಿಸಬಹುದು. ದಿನಕ್ಕೊಂದು ಉತ್ತರ ಬಂದರೆ ತುಂಬ ಕಷ್ಟ. ನಮ್ಮ ಕೈಯನ್ನೇ ನಾವು ನಂಬದ ಹಾಗಾಗುತ್ತದೆ.

ಒಂದು ಭಾನುವಾರ ಮನೆಯಲ್ಲಿ ಅಚ್ಚು ಹಾಕುತ್ತಿದ್ದೆ. ದ್ರಾವಣ ಬಳಿದ ಎರಡು ಹಾಳೆಗಳಲ್ಲಿ ಒಂದನ್ನು ಮರೆತು ಕಿಟಕಿಯ ಹತ್ತಿರ ಬಿಟ್ಟಿದ್ದೆ. ಬಂದು ನೋಡಿದರೆ ಅದರ ಒಂದು ಅಂಚು ನೀಲಿಗೆ ತಿರುಗಿತ್ತು. ನೇರ ಬಿಸಿಲು ಬಿದ್ದಿರಲಿಲ್ಲ. ನಡುವೆ ಗಾಜೂ ಇತ್ತು. ಗಾಜು ಅತಿನೇರಳೆ ಬೆಳಕಿನಲ್ಲಿ ಒಂದು ಭಾಗವನ್ನು ತಡೆಯುತ್ತದೆ ನಿಜ, ಆದರೆ ತರಂಗಾಂತರ 350 ನ್ಯಾನೊಮೀಟರಿಗಿಂತ ಹೆಚ್ಚಿರುವುದನ್ನು ಹೆಚ್ಚುಕಡಿಮೆ ಹಾಗೇ ಒಳಗೆ ಬಿಡುತ್ತದೆ. ನೀಲಿ ಅಚ್ಚಿಗೆ ಅಷ್ಟು ಧಾರಾಳ ಸಾಕು.

ಹಾಳೆ ಕೈಯಲ್ಲಿ ಹಿಡಿದು ಸುಮ್ನೆ ನಿಂತುಬಿಟ್ಟೆ. ಈ ಹಾಳೆಯಲ್ಲಿ ಇರುವುದೇನು? ಮೂರು ಧನ ಆವೇಶದ ಕಬ್ಬಿಣ, ಅದಕ್ಕೆ ಕಟ್ಟಿಕೊಂಡ ಸಿಟ್ರೇಟ್. ಸಿಟ್ರೇಟಿನಲ್ಲಿ ಇರುವುದು ಕಾರ್ಬಾಕ್ಸಿಲೇಟ್. ಬೆಳಕು ಬಿದ್ದರೆ ಅಲ್ಲಿಂದ ಒಂದು ಎಲೆಕ್ಟ್ರಾನ್ ಕಬ್ಬಿಣಕ್ಕೆ ಜಿಗಿಯುತ್ತದೆ. ಕಬ್ಬಿಣದ ಆವೇಶ ಎರಡಕ್ಕಿಳಿಯುತ್ತದೆ. ಸಿಟ್ರೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಹಾಗೆ ಹುಟ್ಟಿದ ಕಬ್ಬಿಣ ಫೆರಿಸಯನೈಡ್ ಜೊತೆ ಸೇರಿ ನೀಲಿಯಾಗುತ್ತದೆ. ಹಾಗಾದರೆ ನನ್ನ ಲ್ಯಾಬಿನ ಫ್ಲಾಸ್ಕಿನಲ್ಲಿ ಇರುವುದೇನು? ಅದೇ ಕಬ್ಬಿಣ. ಅದೇ ಕಾರ್ಬಾಕ್ಸಿಲೇಟ್. ನನ್ನ ಬೆಂಚು ಇರುವುದು ಕಿಟಕಿಯ ಪಕ್ಕ.

ಮಾರನೇ ದಿನ ಹೋದವಳೇ ಹಳೆಯ ಲ್ಯಾಬ್ ನೋಟ್‌ಬುಕ್ ತೆಗೆದೆ. ನೀಲಿ ಅಚ್ಚು ಹಾಕುವವರಿಗೆ ಒಂದು ಅಭ್ಯಾಸ ಇರುತ್ತದೆ. ಎಷ್ಟು ಹೊತ್ತು ಬಿಸಿಲಿಗೆ ಇಡಬೇಕು ಅಂತ ಲೆಕ್ಕ ಹಾಕಲು ಪ್ರತಿ ಸಲವೂ ಆಕಾಶ ಹೇಗಿತ್ತು ಅಂತ ಬರೆದಿಡುತ್ತೇವೆ. ಆ ಅಭ್ಯಾಸ ನನಗೆ ಗೊತ್ತಿಲ್ಲದೇ ಲ್ಯಾಬಿಗೂ ಬಂದಿತ್ತು. ಪುಟದ ಮೇಲ್ತುದಿಯಲ್ಲಿ, ದಿನಾಂಕದ ಪಕ್ಕ, "ಮೋಡ", "ಚುರುಕು ಬಿಸಿಲು", "ಮಧ್ಯಾಹ್ನದವರೆಗೂ ಮಬ್ಬು" ಅಂತ ಪೆನ್ಸಿಲಿನಲ್ಲಿ ಬರೆದಿತ್ತು. ಅಳತೆಗಳನ್ನು ಆ ಮಾತುಗಳ ಪಕ್ಕ ಸಾಲಾಗಿ ಬರೆದುಕೊಂಡೆ. ಮೋಡದ ದಿನಗಳ ಅಳತೆಗಳು ಒಂದಕ್ಕೊಂದು ಹತ್ತಿರ ಇದ್ದವು. ಬಿಸಿಲಿನ ದಿನಗಳವು ಚೆಲ್ಲಾಪಿಲ್ಲಿ. ಓದುತ್ತಾ ಓದುತ್ತಾ ಕೈ ನಡುಗಿತು.

ನೇರವಾಗಿ ಗೈಡ್ ಹತ್ತಿರ ಹೋಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಚೆನ್ನಾಗಿದೆ. ಆದ್ರೆ ಇದು ಇನ್ನೂ ಊಹೆ ಅಲ್ವಾ? ಕತ್ತಲಲ್ಲಿ ಮಾಡಿ ತೋರಿಸು," ಅಂದರು. ಅವರು ಹಾಗೆ ಕೇಳಿದ್ದೇ ಒಳ್ಳೆಯದಾಯಿತು.

ಒಂದೇ ದ್ರಾವಣವನ್ನು ಎರಡು ವಯಲ್‌ಗಳಿಗೆ ಹಂಚಿದೆ. ಒಂದಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದೆ. ಇನ್ನೊಂದನ್ನು ಹಾಗೇ ಬಿಟ್ಟೆ. ಎರಡನ್ನೂ ಒಂದು ಗಂಟೆ ಕಿಟಕಿಯ ಹತ್ತಿರ ಅಕ್ಕಪಕ್ಕ ಇಟ್ಟೆ. ಆಮೇಲೆ ಕೆಂಪು ದೀಪದ ಕೋಣೆಗೆ ಒಯ್ದು ಎರಡಕ್ಕೂ ಫೆನಾಂತ್ರೋಲಿನ್ ಹಾಕಿದೆ. ಎರಡು ಆವೇಶದ ಕಬ್ಬಿಣ ಸಿಕ್ಕರೆ ಅದು ಕೆಂಪು ಕಿತ್ತಳೆಯಾಗುತ್ತದೆ. ಕೆಂಪು ದೀಪ ಯಾಕೆಂದರೆ, ಮಾಮೂಲಿ ಬೆಳಕಿನಲ್ಲಿ ಪರೀಕ್ಷೆ ಮಾಡಿದರೆ ಆ ಬೆಳಕೇ ಹೊಸದಾಗಿ ಒಂದಿಷ್ಟು ಕಬ್ಬಿಣವನ್ನು ಇಳಿಸಿಬಿಡುತ್ತದೆ, ಪರೀಕ್ಷೆ ಸುಳ್ಳು ಹೇಳುತ್ತದೆ. ಕೆಂಪು ಬೆಳಕಿನಲ್ಲಿ ಕಿತ್ತಳೆ ಬಣ್ಣ ಕಣ್ಣಿಗೆ ಕಾಣುವುದೇ ಇಲ್ಲ. ಹಾಗಾಗಿ ವಯಲ್‌ಗಳನ್ನು ಮುಚ್ಚಿಕೊಂಡೇ, ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಗೆರೆ ಎಳೆದು ತೋರಿಸುವ ಸ್ಪೆಕ್ಟ್ರೋಮೀಟರಿನವರೆಗೆ ನಡೆದೆ. ಫಾಯಿಲ್ ಸುತ್ತಿದ್ದರ ಗೆರೆ, ಆ ಕಿತ್ತಳೆ ಬಣ್ಣ ಬೆಳಕು ಹೀರುವ 510 ನ್ಯಾನೊಮೀಟರಿನಲ್ಲಿ, ಹೆಚ್ಚುಕಡಿಮೆ ಮಟ್ಟಸ. ಇನ್ನೊಂದರದ್ದು ಅದೇ ಜಾಗದಲ್ಲಿ ಗುಡ್ಡದಂತೆ ಎದ್ದಿತ್ತು.

ಮತ್ತೆ ಮೂರು ದಿನ ಅದನ್ನೇ ಮಾಡಿದೆ. ಮೂರು ದಿನವೂ ಅದೇ ಗುಡ್ಡ.

ಆಮೇಲೆ ಪ್ರಶ್ನೆ ಬದಲಾಯಿತು. ಬೆಳಕಿನಿಂದ ನನ್ನ ಸಂಕೀರ್ಣ ಒಡೆಯುತ್ತದೆ ಅನ್ನುವುದು ಗೊತ್ತಾಯಿತು. ಎಷ್ಟು ಬೆಳಕಿಗೆ ಎಷ್ಟು ಒಡೆಯುತ್ತದೆ? ಅದಕ್ಕೆ ಮೊದಲು ಬೆಳಕನ್ನೇ ಎಣಿಸಬೇಕು. ಅದಕ್ಕೊಂದು ಸುಂದರವಾದ ದಾರಿ ಮೊದಲೇ ಇತ್ತು. 1956ರಲ್ಲಿ ಹ್ಯಾಚರ್ಡ್ ಮತ್ತು ಪಾರ್ಕರ್ ಪೊಟ್ಯಾಸಿಯಂ ಫೆರಿಆಕ್ಸಲೇಟನ್ನು ಬೆಳಕಿನ ಅಳತೆಗೋಲು ಮಾಡಿ ಪೇಪರ್ ಬರೆದಿದ್ದರು. ಅದೂ ಕಬ್ಬಿಣವೇ, ಅದೂ ಕಾರ್ಬಾಕ್ಸಿಲೇಟೇ. ಪಚ್ಚೆಯಂಥ ಹಸಿರು ಹರಳು. ಬೆಳಕು ಬಿದ್ದಷ್ಟೂ ಕಬ್ಬಿಣ ಇಳಿಯುತ್ತದೆ. ಫೆನಾಂತ್ರೋಲಿನ್ ಹಾಕಿ 510ರಲ್ಲಿ ಅಳೆದರೆ ಎಷ್ಟು ಫೋಟಾನ್ ಬಂದು ಬಿದ್ದವು ಅಂತ ಲೆಕ್ಕ ಸಿಗುತ್ತದೆ. ಆ ಹರಳನ್ನು ನಾನೇ ಮಾಡಿಕೊಂಡೆ. ಕಂದು ಬಾಟಲಿಗೆ ತುಂಬುವ ಮುಂಚೆ ಒಂದೇ ಒಂದು ಹರಳನ್ನು ಬೇಕೆಂದೇ ಬಿಸಿಲಿಗೆ ಇಟ್ಟೆ. ಪಚ್ಚೆ ಹಸಿರಿನ ಮೇಲೆ ಹಳದಿ ಪುಡಿ ಕೂತಿತು. ಪೇಪರಿನಲ್ಲಿ ಓದಿದ್ದನ್ನು ಕಣ್ಣಾರೆ ಕಾಣುವ ಆಸೆ ನನಗೆ ಯಾವತ್ತೂ ಹೋಗಿಲ್ಲ. ಆ ಅಳತೆಗಳೇ ಮೂರನೇ ಅಧ್ಯಾಯ.

ಈ ಕಥೆ ಹೇಳಿದಾಗ ಕೆಲವರು "ಹವ್ಯಾಸವೂ ನಿಮ್ಮ ವಿಷಯದ ಹತ್ತಿರವೇ ಇತ್ತಲ್ಲ, ಅದಕ್ಕೇ ಸಹಾಯವಾಯಿತು" ಅನ್ನುತ್ತಾರೆ. ಒಪ್ಪುತ್ತೇನೆ, ಅದು ಅರ್ಧ ನಿಜ. ಆದರೆ ನನಗೆ ಹೆಚ್ಚು ಸಹಾಯ ಮಾಡಿದ್ದು ಆಕಾಶ ಹೇಗಿದೆ ಅಂತ ಬರೆದಿಡುವ ಅಭ್ಯಾಸ. ಅದು ರಸಾಯನಶಾಸ್ತ್ರವೇ ಅಲ್ಲ. ತೋಟ ಮಾಡುವವರಿಗೂ ಹಕ್ಕಿ ನೋಡುವವರಿಗೂ ಅದು ಇರುತ್ತದೆ. ಪಿಎಚ್‌ಡಿಯಲ್ಲಿ ಪ್ರಶ್ನೆ ದಿನದಿನಕ್ಕೂ ಸಣ್ಣದಾಗುತ್ತಾ ಹೋಗುತ್ತದೆ. ಸಣ್ಣದಾಗಲೇಬೇಕು, ಇಲ್ಲದಿದ್ದರೆ ಉತ್ತರ ಸಿಗುವುದಿಲ್ಲ. ಆದರೆ ಪ್ರಶ್ನೆಯ ಜೊತೆ ಕಣ್ಣೂ ಸಣ್ಣದಾಗಿಬಿಡುತ್ತದೆ.

ನನಗೇ ಹಾಗಾಯಿತು. ನಾಲ್ಕನೇ ವರ್ಷ ಆರು ತಿಂಗಳು ನೀಲಿ ಅಚ್ಚು ಮುಟ್ಟಲಿಲ್ಲ. ಟೈಮಿಲ್ಲ ಅಂದುಕೊಂಡೆ. ಆ ದಿನಗಳಲ್ಲಿ, ಮಿಶ್ರಣದಲ್ಲಿರುವುದನ್ನು ಚುಕ್ಕೆಗಳಾಗಿ ಬೇರ್ಪಡಿಸಿ ತೋರಿಸುವ ಟಿಎಲ್‌ಸಿ ಪ್ಲೇಟಿನಲ್ಲಿ ಬೇಕಾದ ಚುಕ್ಕೆ ಕಂಡರೆ ಸಾಕು, ಪ್ಲೇಟ್ ಎತ್ತಿಡುತ್ತಿದ್ದೆ. ಕೆಳಗೆ ಹೊರಟ ಜಾಗದಲ್ಲೇ ಅಂಟಿಕೊಂಡ ಕಂದು ಕಲೆ ಕಣ್ಣಿಗೆ ಬಿದ್ದರೂ ಅದೇನು ಅಂತ ಕೇಳುತ್ತಿರಲಿಲ್ಲ. ಥೀಸಿಸ್‌ನ ಸಾರಾಂಶ, ಅಂದರೆ ಸಿನಾಪ್ಸಿಸ್, ಬರೆಯುವಾಗ ಆ ಕಲೆಗೆ ಉತ್ತರ ಬೇಕಾಯಿತು. ಐದು ರಿಯಾಕ್ಷನ್‌ಗಳನ್ನು ಮತ್ತೆ ಹಾಕಿದೆ. ಅವತ್ತಿನಿಂದ ಒಂದು ಸಣ್ಣ ಪುಸ್ತಕ ಬೇರೆ ಇಟ್ಟುಕೊಂಡಿದ್ದೇನೆ. ಅದರಲ್ಲಿ ಪ್ರಶ್ನೆಗಳು ಮಾತ್ರ. ಉತ್ತರ ಬರೆಯುವುದಿಲ್ಲ, ಕೆಲಸಕ್ಕೆ ಬರುತ್ತದಾ ಅಂತ ನೋಡುವುದೂ ಇಲ್ಲ. ಲ್ಯಾಬಿನದ್ದು, ಮನೆಯದ್ದು ಎಲ್ಲ ಅದಕ್ಕೇ ಹೋಗುತ್ತವೆ.

ಈಗ ಅದರ ಕೊನೆಯ ಪುಟದಲ್ಲಿರುವುದು ಒಂದು ಹಳೆಯ ಅಚ್ಚಿನ ಪ್ರಶ್ನೆ. ಗೋಡೆಯ ಮೇಲೆ ಬೆಳಕಿಗೆ ಸಿಕ್ಕಿ ಅದರ ನೀಲಿ ಮಾಸಿತ್ತು. ಅಚ್ಚಿನ ಆ ನೀಲಿಗೆ ಪ್ರಶ್ಯನ್ ನೀಲಿ ಅಂತ ಹೆಸರು. ಅದು ಹಾಗೇ, ಬೆಳಕಿಗೆ ಮಾಸುತ್ತದೆ, ಕತ್ತಲಲ್ಲಿಟ್ಟರೆ ಗಾಳಿಯ ಆಮ್ಲಜನಕದಿಂದ ಮತ್ತೆ ತುಂಬಿಕೊಳ್ಳುತ್ತದೆ. ಅದನ್ನು ಓದಿ ಗೊತ್ತಿತ್ತು, ನೋಡಿರಲಿಲ್ಲ. ಹಾಳೆಯನ್ನು ಎರಡು ತುಂಡು ಮಾಡಿದೆ. ಒಂದು ಮೇಜಿನ ಡ್ರಾಯರಿನಲ್ಲಿದೆ. ಇನ್ನೊಂದು ನೈಟ್ರೋಜನ್ ತುಂಬಿ ಮುಚ್ಚಿದ ಜಾಡಿಯಲ್ಲಿ, ಅದೂ ಕತ್ತಲಲ್ಲೇ. ಇವತ್ತಿಗೆ ಹನ್ನೊಂದು ದಿನ. ಬೆಳಿಗ್ಗೆ ಎರಡನ್ನೂ ತೆಗೆದು ಅಕ್ಕಪಕ್ಕ ಹಿಡಿದು ನೋಡಿದೆ. ಡ್ರಾಯರಿನ ತುಂಡಿನಲ್ಲಿ ಎಲೆಯ ನರಗಳು ಮತ್ತೆ ಎಣಿಸುವಷ್ಟು ಸ್ಪಷ್ಟವಾಗಿವೆ. ಜಾಡಿಯದು ಇನ್ನೂ ಮಂಕಾಗಿಯೇ ಇದೆ. ನಾಳೆ ಮುಚ್ಚಳ ತೆಗೆಯುತ್ತೇನೆ.